ಚಿಂತೆ ಫ್ರೀಮನ್ ಅವರ ಕಾಲಿನದಲ್ಲ, ಡಾಡ್ಜರ್ಸ್‌ನ ತೋಳುಗಳದು

ಸೆಪ್ಟೆಂಬರ್ 30, 2024

ಮಾನ್ಯ ಸಂಪಾದಕರಿಗೆ,

ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್‌ನ ಲೀಗ್ ಹಂತ ಮುಗಿದು ಪ್ಲೇಆಫ್ ಆರಂಭವಾಗಲಿರುವ ಈ ವಾರ, ಲಾಸ್ ಏಂಜಲೀಸ್ ಡಾಡ್ಜರ್ಸ್ ತಂಡದ ಬಗ್ಗೆ ಅಭಿಮಾನಿಗಳು ಆಡುತ್ತಿರುವ ಮಾತೆಲ್ಲ ಇಬ್ಬರ ಸುತ್ತಲೇ ಇದೆ. ಒಬ್ಬರು, ಒಂದೇ ಋತುವಿನಲ್ಲಿ ನಮ್ಮ ಸಿಕ್ಸರ್‌ನಂಥ 54 ಹೋಮ್ ರನ್ ಹೊಡೆದು, ಪಿಚರ್‌ನ ಕಣ್ತಪ್ಪಿಸಿ ಓಡಿ 59 ಬೇಸ್ ಕದ್ದು ಹಿಂದೆ ಯಾರೂ ಮಾಡದ್ದನ್ನು ಮಾಡಿ ತೋರಿಸಿದ ಶೋಹೇ ಓಟಾನಿ. ಇನ್ನೊಬ್ಬರು, ಕಳೆದ ಗುರುವಾರ ಸ್ಯಾನ್ ಡಿಯಾಗೊ ಪಡ್ರೇಸ್ ವಿರುದ್ಧ ಫಸ್ಟ್ ಬೇಸ್‌ನತ್ತ ಓಡುವಾಗ ಚೆಂಡು ತಾಗಿಸಿ ಔಟ್ ಮಾಡುವ ಟ್ಯಾಗ್ ತಪ್ಪಿಸಿಕೊಳ್ಳಲು ಹೋಗಿ ಬಲಗಾಲಿನ ಕಣಕಾಲು ಉಳುಕಿಸಿಕೊಂಡ ಫ್ರೆಡ್ಡಿ ಫ್ರೀಮನ್. ಅದೇ ರಾತ್ರಿ ತಂಡ ತನ್ನ ವಿಭಾಗದ ಅಗ್ರಸ್ಥಾನವನ್ನು ಹನ್ನೆರಡು ವರ್ಷಗಳಲ್ಲಿ ಹನ್ನೊಂದನೆಯ ಬಾರಿ ಖಚಿತಪಡಿಸಿಕೊಂಡಿತಾದರೂ, ಸಂಭ್ರಮಕ್ಕಿಂತ ಫ್ರೀಮನ್ ಅವರ ಕಾಲಿನ ಊತದ ಸುದ್ದಿಯೇ ದೊಡ್ಡದಾಯಿತು. ಆ ಆತಂಕ ಸಹಜವಾದದ್ದೇ. ಆದರೆ ಈ ತಂಡವನ್ನು ವರ್ಷಗಳಿಂದ ಹಿಂಬಾಲಿಸಿಕೊಂಡು ಬಂದಿರುವ ನನಗೆ, ನಾವು ತಪ್ಪು ಜಾಗದಲ್ಲಿ ಗಾಯ ಹುಡುಕುತ್ತಿದ್ದೇವೆ ಎನ್ನಿಸುತ್ತಿರುವುದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಡಾಡ್ಜರ್ಸ್‌ಗೆ ಈಗ ಕೊರತೆ ಇರುವುದು ಬ್ಯಾಟಿಂಗ್‌ನಲ್ಲಲ್ಲ, ಫೀಲ್ಡಿಂಗ್‌ನಲ್ಲೂ ಅಲ್ಲ. ಪಂದ್ಯವನ್ನು ಆರಂಭಿಸಿ ಐದಾರು ಇನಿಂಗ್ಸ್ ದಾಟಿಸಬಲ್ಲ ಆರಂಭಿಕ ಪಿಚರ್‌ಗಳಲ್ಲಿ. ಕ್ರಿಕೆಟ್‌ನಲ್ಲಿ ಒಬ್ಬ ಬೌಲರ್ ತನ್ನ ಓವರ್ ಮುಗಿಸಿ ಬೌಂಡರಿಯಲ್ಲಿ ನಿಂತು ದಣಿವಾರಿಸಿಕೊಂಡು ಮತ್ತೆ ಚೆಂಡು ಹಿಡಿಯಬಹುದು. ಬೇಸ್‌ಬಾಲ್‌ನಲ್ಲಿ ಪಂದ್ಯದಿಂದ ಹೊರಗೆ ಕರೆಸಿಕೊಂಡ ಪಿಚರ್ ಆ ದಿನ ಮರಳುವಂತಿಲ್ಲ. ಆದ್ದರಿಂದ ಒಂಬತ್ತು ಇನಿಂಗ್ಸ್‌ಗೆ ತಲಾ ಮೂರರಂತೆ ಪಂದ್ಯದ 27 ಔಟ್‌ಗಳನ್ನು ಯಾರು ಯಾರು, ಎಷ್ಟೆಷ್ಟು ಪಡೆದುಕೊಡುತ್ತಾರೆ ಎಂಬ ಲೆಕ್ಕವೇ ತಂಡದ ನಿಜವಾದ ಬೆಂಚ್ ಬಲದ ಲೆಕ್ಕ, ಮತ್ತು ಆ ಲೆಕ್ಕದಲ್ಲಿ ನಮ್ಮ ತಂಡ ಈ ವರ್ಷ ಬಹುಮಟ್ಟಿಗೆ ಖಾಲಿಯಾಗಿದೆ.

ಖಾಲಿಯಾದ ಬಗೆಯನ್ನು ಸ್ವಲ್ಪ ವಿವರವಾಗಿಯೇ ನೆನಪಿಸಬೇಕು, ಏಕೆಂದರೆ ಒಬ್ಬೊಬ್ಬರೇ ಹೋದದ್ದರಿಂದ ಒಟ್ಟು ನಷ್ಟದ ಗಾತ್ರ ನಮ್ಮ ಕಣ್ಣಿಗೆ ಬಿದ್ದಿಲ್ಲ. ಟ್ಯಾಂಪಾ ಬೇ ತಂಡದಿಂದ ತಂದು 13.65 ಕೋಟಿ ಡಾಲರ್‌ಗಳ ಒಪ್ಪಂದ ಮಾಡಿಕೊಂಡ ಟೈಲರ್ ಗ್ಲಾಸ್ನೋ ತಮ್ಮ ವೃತ್ತಿಜೀವನದಲ್ಲೇ ಅತಿ ಹೆಚ್ಚು ಎನ್ನಬಹುದಾದ 134 ಇನಿಂಗ್ಸ್ ಎಸೆದು, ಆಗಸ್ಟ್ ನಡುವಿನಲ್ಲಿ ಮೊಣಕೈ ನೋವೆಂದು ಹೊರಗೆ ಕುಳಿತವರು ಮರಳಲೇ ಇಲ್ಲ. ಈ ವರ್ಷ ತಂಡದ ಪರವಾಗಿ ಎಲ್ಲರಿಗಿಂತ ಹೆಚ್ಚು ಇನಿಂಗ್ಸ್ ಎಸೆದ ಗ್ಯಾವಿನ್ ಸ್ಟೋನ್ ಭುಜದ ಉರಿಯೂತದಿಂದ ಸೆಪ್ಟೆಂಬರ್ ಆರಂಭದಲ್ಲೇ ಗಾಯಾಳುಗಳ ಪಟ್ಟಿ ಸೇರಿದರು. ಕಳೆದ ನವೆಂಬರ್‌ನಲ್ಲಿ ಭುಜದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಜುಲೈ ಕೊನೆಯಲ್ಲಿ ಮರಳಿದ್ದ ಕ್ಲೇಟನ್ ಕರ್ಷಾ ಏಳೇ ಪಂದ್ಯಗಳ ನಂತರ ಎಡಗಾಲಿನ ಹೆಬ್ಬೆರಳಿನ ನೋವಿಗೆ ಸೋತರು. ಟೋನಿ ಗಾನ್ಸೋಲಿನ್, ಎಮೆಟ್ ಶೀಹನ್, ಕೈಲ್ ಹರ್ಟ್ ಮೂವರದೂ ಟಾಮಿ ಜಾನ್ ಎಂದೇ ಹೆಸರಾದ ಮೊಣಕೈ ಅಸ್ಥಿರಜ್ಜು ಶಸ್ತ್ರಚಿಕಿತ್ಸೆಯ ಕಥೆ. ಡಸ್ಟಿನ್ ಮೇ ಮೊಣಕೈ ಶಸ್ತ್ರಚಿಕಿತ್ಸೆಯಿಂದ ಚೇತರಿಸಿಕೊಳ್ಳುತ್ತಿರುವಾಗಲೇ ಅನ್ನನಾಳ ಹರಿದು ಇನ್ನೊಂದು ಶಸ್ತ್ರಚಿಕಿತ್ಸೆಗೆ ಒಳಗಾದರು. ಜುಲೈನಲ್ಲಿ ರಿವರ್ ರಯಾನ್ ಎಂಬ ಹೊಸಬರಿಗೆ ಜಾಗ ಮಾಡಿಕೊಡಲು ಅನುಭವಿ ಜೇಮ್ಸ್ ಪ್ಯಾಕ್ಸ್‌ಟನ್ ಅವರನ್ನು ತಂಡ ಕೈಬಿಟ್ಟಿತು. ಆ ಹೊಸಬರು ನಾಲ್ಕು ಪಂದ್ಯ ಎಸೆದು ಅದೇ ಟಾಮಿ ಜಾನ್ ಸಾಲಿಗೆ ಸೇರಿಕೊಂಡರೆ, ಬಾಸ್ಟನ್‌ಗೆ ಹೋದ ಪ್ಯಾಕ್ಸ್‌ಟನ್ ಅಲ್ಲಿ ಮೀನಖಂಡದ ಗಾಯಕ್ಕೆ ಸಿಕ್ಕಿದರು. ಕಳೆದ ವರ್ಷ ಭರವಸೆ ಹುಟ್ಟಿಸಿದ್ದ ಬಾಬಿ ಮಿಲ್ಲರ್ ದೇಹದಲ್ಲಿ ಗಟ್ಟಿಯಾಗಿದ್ದರೂ ಒಂಬತ್ತು ಇನಿಂಗ್ಸ್‌ಗೆ ಸರಾಸರಿ 8.52 ರನ್ ಬಿಟ್ಟುಕೊಟ್ಟಿರುವುದರಿಂದ ಅವರನ್ನು ನೆಚ್ಚುವಂತಿಲ್ಲ. ಇನ್ನು ಓಟಾನಿ ಅವರು ಕಳೆದ ಸೆಪ್ಟೆಂಬರ್‌ನ ಮೊಣಕೈ ಶಸ್ತ್ರಚಿಕಿತ್ಸೆಯ ಕಾರಣದಿಂದ ಈ ವರ್ಷ ಪಿಚರ್ ಆಗಿ ಮೈದಾನಕ್ಕೆ ಇಳಿದೇ ಇಲ್ಲ.

ಸ್ಟೋನ್ ಅವರ ಲೆಕ್ಕವೊಂದೇ ಸಾಕು, ಪರಿಸ್ಥಿತಿ ತಿಳಿಯಲು. ತಂಡದಲ್ಲಿ ಅತಿ ಹೆಚ್ಚು ಎಂದರೆ ಅವರು ಎಸೆದದ್ದು 140 ಇನಿಂಗ್ಸ್ ಮತ್ತು ಒಂದು ಔಟ್. ರನ್ ಸರಾಸರಿಯ ಅಧಿಕೃತ ಪಟ್ಟಿಯಲ್ಲಿ ಹೆಸರು ಬರಬೇಕಾದರೆ ಪಂದ್ಯಕ್ಕೊಂದರಂತೆ 162 ಇನಿಂಗ್ಸ್ ಬೇಕು. 98 ಪಂದ್ಯ ಗೆದ್ದು ಇಡೀ ಲೀಗ್‌ನಲ್ಲೇ ಮೊದಲ ಸ್ಥಾನ ಪಡೆದ ತಂಡದಲ್ಲಿ ಆ ಗೆರೆ ಮುಟ್ಟಿದ ಒಬ್ಬ ಪಿಚರ್ ಕೂಡ ಇಲ್ಲ.

ಹಾಗಾದರೆ ಉಳಿದವರು ಯಾರು? ಯೋಶಿನೋಬು ಯಮಾಮೋಟೋ, ಜ್ಯಾಕ್ ಫ್ಲಾಹರ್ಟಿ, ವಾಕರ್ ಬ್ಯೂಲರ್. 32.5 ಕೋಟಿ ಡಾಲರ್‌ಗಳ ಒಪ್ಪಂದದ ಯಮಾಮೋಟೋ ಜೂನ್ ನಡುವಿನಲ್ಲಿ ಭುಜದ ರೊಟೇಟರ್ ಕಫ್ ಗಾಯಕ್ಕೆ ತುತ್ತಾಗಿ ಸೆಪ್ಟೆಂಬರ್ 10ರಂದು ಮರಳಿದರು. ಮರಳಿದ ಮೇಲೆ ಒಂದು ಪಂದ್ಯದಲ್ಲೂ ಐದು ಇನಿಂಗ್ಸ್ ಮೀರಿ ಎಸೆದಿಲ್ಲ. ಜಪಾನ್‌ನಲ್ಲಿ ವಾರಕ್ಕೊಮ್ಮೆ ಎಸೆದು ರೂಢಿಯಾದ ಅವರಿಗೆ ಇಲ್ಲಿ ನಾಲ್ಕೇ ದಿನದ ವಿಶ್ರಾಂತಿ ಕೊಟ್ಟು ಇಳಿಸಿದ ಉದಾಹರಣೆಯೂ ಇಲ್ಲ. ಜುಲೈ ಕೊನೆಯ ಟ್ರೇಡ್ (ಆಟಗಾರರ ವಿನಿಮಯ) ಗಡುವಿನಲ್ಲಿ ಡೆಟ್ರಾಯಿಟ್‌ನಿಂದ ತಂದ ಫ್ಲಾಹರ್ಟಿ ಮೂವರಲ್ಲಿ ಹೆಚ್ಚು ಭರವಸೆಯವರು. ಬ್ಯೂಲರ್ ಎರಡನೆಯ ಟಾಮಿ ಜಾನ್ ಶಸ್ತ್ರಚಿಕಿತ್ಸೆಯ ನಂತರ ಈ ಮೇ ತಿಂಗಳಲ್ಲಿ ಬಂದು 5.38 ಸರಾಸರಿಯಲ್ಲಿ ರನ್ ಕೊಟ್ಟು ಗೆದ್ದದ್ದು ಒಂದೇ ಪಂದ್ಯ. ಹಿಂದಿನ ಅಕ್ಟೋಬರ್‌ಗಳಲ್ಲಿ ಅವರು ತೋರಿದ ಧೈರ್ಯವನ್ನು ನಾನೂ ಮರೆತಿಲ್ಲ, ಆದರೆ ನೆನಪು ಔಟ್ ತಂದುಕೊಡುವುದಿಲ್ಲ.

ಮೊದಲ ಸುತ್ತಿನ ವಿನಾಯಿತಿ ಪಡೆದಿರುವ ತಂಡ ಅಕ್ಟೋಬರ್ 5ರ ಶನಿವಾರ ಐದು ಪಂದ್ಯಗಳ ಡಿವಿಷನ್ ಸರಣಿಗೆ ಇಳಿಯಲಿದೆ. ಐದೂ ಪಂದ್ಯ ನಡೆದರೆ ಒಟ್ಟು 45 ಇನಿಂಗ್ಸ್. ಯಮಾಮೋಟೋ ಎರಡು ಪಂದ್ಯಗಳಲ್ಲಿ ಐದೈದು, ಫ್ಲಾಹರ್ಟಿ ಐದು, ಬ್ಯೂಲರ್ ನಾಲ್ಕು ಎಸೆದರೆಂದು ಉದಾರವಾಗಿಯೇ ಎಣಿಸಿದರೂ ಹತ್ತೊಂಬತ್ತಾಯಿತು. ಉಳಿದ 26 ಇನಿಂಗ್ಸ್, ಎಂದರೆ ಅರ್ಧಕ್ಕಿಂತ ಹೆಚ್ಚು ಭಾಗ, ಆರಂಭಿಕರ ನಂತರ ಇಳಿಯುವ ರಿಲೀಫ್ ಪಿಚರ್‌ಗಳ ಗುಂಪಾದ ಬುಲ್‌ಪೆನ್‌ನ ಹೆಗಲಿಗೆ. ಆ ಬುಲ್‌ಪೆನ್ ಒಳ್ಳೆಯದೇ: ಷಿಕಾಗೊದಿಂದ ಬಂದ ಮೈಕೆಲ್ ಕೋಪೆಕ್ ನಮ್ಮ ಅಂಗಿ ತೊಟ್ಟ ಮೇಲೆ 1.13 ಸರಾಸರಿಯಲ್ಲಿ ಎಸೆದಿದ್ದಾರೆ, ಬ್ಲೇಕ್ ಟ್ರೈನನ್ ಅವರದು 1.93, ಇವಾನ್ ಫಿಲಿಪ್ಸ್ ಮತ್ತು ಅಲೆಕ್ಸ್ ವೇಸಿಯಾ ಬೇರೆ ಇದ್ದಾರೆ. ಆದರೆ ಇದೇ ಟ್ರೈನನ್ ಕಳೆದ ಇಡೀ ವರ್ಷ ಭುಜದ ಶಸ್ತ್ರಚಿಕಿತ್ಸೆಯಿಂದ ಹೊರಗಿದ್ದವರು, ಮತ್ತು ಬ್ರುಸ್ಡಾರ್ ಗ್ರಾಟೆರೋಲ್ ಅವರಿಗೆ ಕಳೆದ ವಾರವಷ್ಟೇ ಮತ್ತೆ ಭುಜದ ತೊಂದರೆ ಕಾಣಿಸಿಕೊಂಡಿದೆ. ರಿಪೇರಿಯಾದ ತೋಳುಗಳನ್ನು ಕಾಯಲು ಇನ್ನೊಂದಷ್ಟು ರಿಪೇರಿಯಾದ ತೋಳುಗಳನ್ನು ನಿಲ್ಲಿಸಿದ್ದೇವೆ.

ಇದು ಕೇವಲ ಅಭಿಮಾನಿಯ ಅಂಜಿಕೆಯಲ್ಲ ಎನ್ನಲು ಕಳೆದ ಮೂರು ಅಕ್ಟೋಬರ್‌ಗಳೇ ಸಾಕ್ಷಿ. 2023ರಲ್ಲಿ 100 ಪಂದ್ಯ ಗೆದ್ದ ತಂಡವನ್ನು ಅರಿಝೋನಾ ಡೈಮಂಡ್‌ಬ್ಯಾಕ್ಸ್ ಮೂರೇ ಪಂದ್ಯಗಳಲ್ಲಿ ಮನೆಗೆ ಕಳಿಸಿತು. ಕರ್ಷಾ ಒಂದೇ ಔಟ್ ಪಡೆದು ಆರು ರನ್ ಕೊಟ್ಟರು; ಮೂವರು ಆರಂಭಿಕ ಪಿಚರ್‌ಗಳು ಮೂರು ಪಂದ್ಯಗಳಲ್ಲಿ ಒಟ್ಟು ಎಸೆದದ್ದು ಐದು ಇನಿಂಗ್ಸ್‌ಗೆ ಒಂದು ಔಟ್ ಕಡಿಮೆ, ಕೊಟ್ಟದ್ದು 13 ರನ್. 2022ರಲ್ಲಿ 111 ಪಂದ್ಯ ಗೆದ್ದೂ ಪಡ್ರೇಸ್‌ಗೆ ಸೋತೆವು. ಆದರೆ ಅದಕ್ಕೆ ಬೇರೆ ಕಾರಣಗಳೂ ಇದ್ದವು. ನನ್ನ ಮಟ್ಟಿಗೆ ಹೆಚ್ಚು ಪಾಠವಿರುವುದು 2021ರಲ್ಲಿ. ಆಗ ತಂಡ ತನ್ನ ಅತ್ಯುತ್ತಮ ಪಿಚರ್‌ಗಳನ್ನು ಹೇಗೆ ಹಿಂಡಿತೆಂಬುದನ್ನು ನೋಡಿ. ಜಯಂಟ್ಸ್ ವಿರುದ್ಧದ ಐದನೆಯ ಪಂದ್ಯದ ಕೊನೆಯ ಇನಿಂಗ್ಸ್‌ಗೆ ಮ್ಯಾಕ್ಸ್ ಶೆರ್ಜರ್ ಅವರನ್ನು ಕರೆತಂದು ಗೆದ್ದೆವು. ಮೂರು ದಿನಗಳ ನಂತರ ಅಟ್ಲಾಂಟಾ ವಿರುದ್ಧ ಆರಂಭಿಸಿದ ಅವರೇ ತಮ್ಮ ತೋಳು ಸತ್ತಂತಾಗಿದೆ ಎಂದರು, ಆರನೆಯ ಪಂದ್ಯಕ್ಕೆ ಇಳಿಯಲಾಗಲಿಲ್ಲ. ಅವರ ಬದಲಿಗೆ ಬ್ಯೂಲರ್ ಮೂರೇ ದಿನದ ವಿಶ್ರಾಂತಿಯಲ್ಲಿ ಎಸೆದು ಸೋತರು, ಸರಣಿಯೂ ಹೋಯಿತು. ಹೂಲಿಯೊ ಉರಿಯಾಸ್ ಅವರನ್ನು ನಡುವೆ ರಿಲೀಫ್‌ಗೆ ಇಳಿಸಿ ಮತ್ತೆ ಎರಡು ದಿನ ಬಿಟ್ಟು ಆರಂಭಿಸಲು ಹೇಳಿದ್ದೂ ಅದೇ ಸರಣಿಯಲ್ಲಿ. ಹೀಗೆ ನಾಳೆಯ ಪಂದ್ಯದಿಂದ ಸಾಲ ತಂದು ಇಂದಿನ ಪಂದ್ಯ ಗೆಲ್ಲುವ ಅಭ್ಯಾಸ, ಆರೋಗ್ಯವಂತ ಆರಂಭಿಕ ಪಿಚರ್‌ಗಳು ಮೂವರೇ ಇರುವ ಈ ವರ್ಷ ಇನ್ನೂ ದುಬಾರಿಯಾದೀತು.

ಆದ್ದರಿಂದ ಮ್ಯಾನೇಜರ್ ಡೇವ್ ರಾಬರ್ಟ್ಸ್ ಅವರು ನಾಲ್ಕನೆಯ ಪಂದ್ಯವನ್ನು ಮೊದಲೇ ಬುಲ್‌ಪೆನ್ ಪಂದ್ಯವೆಂದು ತೀರ್ಮಾನಿಸಿ ಅದಕ್ಕೆ ತಕ್ಕಂತೆ ತೋಳುಗಳನ್ನು ಉಳಿಸಿಟ್ಟುಕೊಳ್ಳಬೇಕು ಎಂಬುದು ನನ್ನ ಅಭಿಪ್ರಾಯ. ಏಳೆಂಟು ಪಿಚರ್‌ಗಳು ಒಬ್ಬರಾದ ಮೇಲೊಬ್ಬರು ಬಂದು ತಲಾ ಒಂದೆರಡು ಇನಿಂಗ್ಸ್ ಎಸೆದು ಪಂದ್ಯ ಮುಗಿಸುವುದನ್ನು ಹಳೆಯ ಅಭಿಮಾನಿಗಳು ಅವಮಾನವೆಂಬಂತೆ ನೋಡುತ್ತಾರೆ. ಸೋತರೆ ಬೈಗುಳದ ಮಳೆಯೇ ಸುರಿಯುತ್ತದೆ. ಆದರೆ ಬ್ಯಾಟರ್‌ಗಳು ಒಬ್ಬನೇ ಪಿಚರ್‌ನನ್ನು ಒಂದೇ ಪಂದ್ಯದಲ್ಲಿ ಮೂರನೆಯ ಬಾರಿ ಎದುರಿಸುವಾಗ ಚೆನ್ನಾಗಿ ಹೊಡೆಯುತ್ತಾರೆ ಎಂಬುದು ಬಹುಕಾಲದಿಂದ ತಿಳಿದಿರುವ ಸಂಗತಿ. ಬುಲ್‌ಪೆನ್ ಪಂದ್ಯದಲ್ಲಿ ಎದುರಾಳಿಗೆ ಆ ಅವಕಾಶವೇ ಸಿಗದು. ಇದಕ್ಕೆ ಪ್ರತಿಯಾಗಿ, ಅದೇ ಐದಾರು ರಿಲೀಫ್ ಪಿಚರ್‌ಗಳನ್ನು ಒಂದು ಸರಣಿಯಲ್ಲಿ ಪದೇ ಪದೇ ನೋಡಿದ ಬ್ಯಾಟರ್‌ಗಳು ಅವರ ಚೆಂಡಿಗೂ ಒಗ್ಗಿಕೊಳ್ಳುತ್ತಾರೆ ಎಂಬ ಆಕ್ಷೇಪ ನ್ಯಾಯವಾದದ್ದು, ಮತ್ತು ಅದಕ್ಕೆ ನನ್ನಲ್ಲಿ ಪೂರ್ಣ ಉತ್ತರವಿಲ್ಲ. ಫ್ಲಾಹರ್ಟಿ ಅವರನ್ನು ಮೂರು ದಿನದ ವಿಶ್ರಾಂತಿಯಲ್ಲಿ ಎಳೆದು ತರುವುದಕ್ಕಿಂತ ಅದು ಮೇಲು ಎಂದಷ್ಟೇ ಹೇಳಬಲ್ಲೆ.

ಫ್ರೀಮನ್ ಅವರ ವಿಷಯದಲ್ಲಿ ನಾನು ಇಷ್ಟು ಅಂಜುವುದಿಲ್ಲ ಎಂದೆ. ಅವರು ಆಗಸ್ಟ್‌ನಲ್ಲಿ ಬಲಗೈ ನಡುಬೆರಳಿಗೆ ಬಿರುಕು ಬಿದ್ದಾಗಲೂ ಬೇಗನೆ ಮೈದಾನಕ್ಕಿಳಿದವರು, ಈಗಲೂ ಆಡುತ್ತೇನೆಂದೇ ಹೇಳುತ್ತಾರೆ. ಆಡದಿದ್ದರೂ ಮ್ಯಾಕ್ಸ್ ಮನ್ಸಿ ಫಸ್ಟ್ ಬೇಸ್‌ಗೆ ಬಂದು, ಕೀಕೇ ಹರ್ನಾಂಡೆಸ್ ಥರ್ಡ್ ಬೇಸ್‌ಗೆ ಹೋದರೆ ತಂಡ ನಿಲ್ಲುತ್ತದೆ. ಟಾಮಿ ಎಡ್ಮನ್ ಶಾರ್ಟ್‌ಸ್ಟಾಪ್‌ನಲ್ಲೂ ಸೆಂಟರ್ ಫೀಲ್ಡ್‌ನಲ್ಲೂ ನಿಲ್ಲಬಲ್ಲರು. ಜೂನ್‌ನಲ್ಲಿ ಮೂಕಿ ಬೆಟ್ಸ್ ಅವರ ಎಡಗೈ ಮೂಳೆ ಮುರಿದು ಎರಡು ತಿಂಗಳು ಹೊರಗಿದ್ದಾಗ, ಮನ್ಸಿ ಅವರೂ ಪಕ್ಕೆಯ ಸ್ನಾಯು ಗಾಯದಿಂದ ಮೂರು ತಿಂಗಳು ಕಾಣೆಯಾಗಿದ್ದಾಗ ತಂಡ ತನ್ನ ವಿಭಾಗದ ಮೊದಲ ಸ್ಥಾನ ಬಿಟ್ಟುಕೊಡಲಿಲ್ಲ. ಫೀಲ್ಡರ್‌ನ ಜಾಗವನ್ನು ಮಾರುಕಟ್ಟೆಯಿಂದಲೂ ತುಂಬಬಹುದು ಎಂಬುದಕ್ಕೆ 2021ರ ಅಟ್ಲಾಂಟಾ ಬ್ರೇವ್ಸ್ ಸಾಕ್ಷಿ: ಜುಲೈನಲ್ಲಿ ರೊನಾಲ್ಡ್ ಅಕೂನ್ಯಾ ಅವರ ಮೊಣಕಾಲಿನ ಅಸ್ಥಿರಜ್ಜು ಹರಿದಾಗ ಆ ತಂಡ ನಾಲ್ವರು ಔಟ್‌ಫೀಲ್ಡರ್‌ಗಳನ್ನು ತಂದಿತು, ಅವರಲ್ಲಿ ಎಡ್ಡಿ ರೊಸಾರಿಯೊ ನ್ಯಾಷನಲ್ ಲೀಗ್ ಸರಣಿಯ, ಹೋರ್ಹೆ ಸೊಲೆರ್ ವರ್ಲ್ಡ್ ಸೀರೀಸ್‌ನ ಅತ್ಯುತ್ತಮ ಆಟಗಾರರಾದರು. ಫ್ರೀಮನ್ ಕೂಡ ಆಗ ಅದೇ ತಂಡದಲ್ಲಿದ್ದರು.

ಪಿಚರ್‌ಗಳ ವಿಷಯದಲ್ಲಿ ಈಗ ಅಂಥ ಬಾಗಿಲು ಮುಚ್ಚಿದೆ. ಆಗಸ್ಟ್ 31ರ ಮಧ್ಯರಾತ್ರಿಯೊಳಗೆ ತಂಡದ ವ್ಯವಸ್ಥೆಯೊಳಗೆ ಇಲ್ಲದವರು ಪ್ಲೇಆಫ್ ಆಡುವಂತಿಲ್ಲ, ಟ್ರೇಡ್ ಗಡುವು ಅದಕ್ಕೂ ಮೊದಲೇ ಮುಗಿದಿದೆ. ಆ ಗಡುವಿನಲ್ಲಿ ತಂಡದ ಆಡಳಿತ ಎಡ್ಮನ್, ಕೋಪೆಕ್, ಫ್ಲಾಹರ್ಟಿ ಮೂವರನ್ನೂ ಒಳ್ಳೆಯ ಬೆಲೆಗೆ ತಂದದ್ದನ್ನು ಮೆಚ್ಚಲೇಬೇಕು. ಆದರೂ ಇನ್ನೊಬ್ಬ ಆರಂಭಿಕ ಪಿಚರ್ ಬೇಕಿತ್ತು ಎಂದು ನಾನು ಆಗಲೂ ಹೇಳುತ್ತಿದ್ದೆ, ಈಗಲೂ ಹೇಳುತ್ತೇನೆ. ಗ್ಲಾಸ್ನೋ ಅವರ ಹಿಂದಿನ ಗಾಯಗಳ ಚರಿತ್ರೆ ಗೊತ್ತಿದ್ದವರು ಅವರನ್ನು ಅಕ್ಟೋಬರ್‌ಗೆ ಎಣಿಸಿಟ್ಟುಕೊಂಡದ್ದು ಆಶಾವಾದ ಹೆಚ್ಚಾದ ಲಕ್ಷಣ. ಮೇಲಾಗಿ ಸೆಪ್ಟೆಂಬರ್‌ನಲ್ಲಿ 28 ಆಟಗಾರರಿಗೆ, 14 ಪಿಚರ್‌ಗಳಿಗೆ ಇದ್ದ ಅವಕಾಶ ಪ್ಲೇಆಫ್‌ನಲ್ಲಿ ಮತ್ತೆ 26 ಮತ್ತು 13ಕ್ಕೆ ಇಳಿಯುತ್ತದೆ. ಸರಣಿಯ ನಡುವೆ ಗಾಯಗೊಂಡವರ ಬದಲಿಗೆ ಬೇರೊಬ್ಬರನ್ನು ಸೇರಿಸಿಕೊಳ್ಳಬಹುದು, ಆದರೆ ಹಾಗೆ ಹೊರಬಿದ್ದವರು ಮುಂದಿನ ಸುತ್ತಿಗೂ ಅನರ್ಹರು. ಅರೆಬರೆ ಗುಣವಾದವರನ್ನು ಹೆಸರಿನ ಬಲದಿಂದ ಪಟ್ಟಿಗೆ ಸೇರಿಸುವ ಮುನ್ನ ಈ ನಿಯಮವನ್ನು ಎರಡು ಸಲ ಓದಬೇಕು.

ಇಷ್ಟೊಂದು ತೋಳುಗಳು ಏಕೆ ಮುರಿಯುತ್ತಿವೆ ಎಂಬುದು ಡಾಡ್ಜರ್ಸ್‌ಗೆ ಮಾತ್ರ ಸೇರಿದ ಪ್ರಶ್ನೆಯಲ್ಲ. ಈ ಏಪ್ರಿಲ್‌ನಲ್ಲಿ ಅಟ್ಲಾಂಟಾದ ಸ್ಪೆನ್ಸರ್ ಸ್ಟ್ರೈಡರ್, ಕ್ಲೀವ್‌ಲ್ಯಾಂಡ್‌ನ ಶೇನ್ ಬೀಬರ್ ಒಂದೇ ವಾರದಲ್ಲಿ ಮೊಣಕೈ ಗಾಯಕ್ಕೆ ಸಿಕ್ಕಾಗ ಆಟಗಾರರ ಸಂಘ, ಪಿಚರ್ ಚೆಂಡೆಸೆಯಲು ಇರುವ ಸಮಯಮಿತಿಯಾದ ಪಿಚ್ ಕ್ಲಾಕ್‌ನ ಅವಧಿಯನ್ನು ಬೇಸ್‌ನಲ್ಲಿ ಓಟಗಾರರಿದ್ದಾಗ 20 ಸೆಕೆಂಡ್‌ನಿಂದ 18ಕ್ಕೆ ಇಳಿಸಿದ್ದೇ ತಪ್ಪೆಂದು ದೂರಿತು. ಲೀಗ್ ಅದನ್ನು ತಳ್ಳಿಹಾಕಿ, ವೇಗ ಮತ್ತು ಸ್ಪಿನ್ ಹೆಚ್ಚಿಸುವ ಹಳೆಯ ಹಟವೇ ಕಾರಣ ಎಂದಿತು. ಎರಡೂ ಕಡೆ ಸ್ವಾರ್ಥವಿದೆ, ಆದರೆ ವಾದದಲ್ಲಿ ಲೀಗ್‌ನ ಕಡೆಯೇ ತೂಕ ಹೆಚ್ಚು ಎಂದು ನನಗೆ ತೋರುತ್ತದೆ, ಏಕೆಂದರೆ ಕ್ಲಾಕ್ ಬಂದದ್ದು 2023ರಲ್ಲಿ, ಮೊಣಕೈಗಳು ಹರಿಯತೊಡಗಿದ್ದು ಅದಕ್ಕಿಂತ ಬಹಳ ಹಿಂದೆ. ಪ್ರತಿ ಚೆಂಡನ್ನೂ ಪೂರ್ಣ ಬಲದಿಂದ ಎಸೆಯುವಂತೆ ಹುಡುಗರನ್ನು ತಯಾರು ಮಾಡುವ ಈ ಪದ್ಧತಿಯಲ್ಲಿ ನಮ್ಮ ತಂಡ ಮುಂಚೂಣಿಯಲ್ಲಿದೆ. ಹೊಸಬರಾದ ರಯಾನ್, ಶೀಹನ್, ಹರ್ಟ್ ಮೂವರೂ ಅದೇ ಗರಡಿಯಿಂದ ಬಂದವರು. ಗಾಯಗಳ ಕಾರಣದಿಂದಲೇ ಇಪ್ಪತ್ತೈದರ ವಯಸ್ಸಿನಲ್ಲಿ ಕೊನೆಯ ಮೇಜರ್ ಲೀಗ್ ಪಂದ್ಯ ಆಡಬೇಕಾಗಿ ಬಂದ ಮಾರ್ಕ್ ಪ್ರಯರ್ ಈ ತಂಡದ ಪಿಚಿಂಗ್ ಕೋಚ್ ಆಗಿರುವುದನ್ನು ನೋಡಿದಾಗಲೆಲ್ಲ, ಇದರ ಬಗ್ಗೆ ಅವರು ಒಳಗೊಳಗೆ ಏನೆಂದುಕೊಳ್ಳುತ್ತಾರೋ ಎಂಬ ಕುತೂಹಲ ನನಗೆ. ಹಣವುಳ್ಳ ತಂಡಕ್ಕೆ ಮೀಸಲು ಆಟಗಾರರ ಕೊರತೆಯೇ ಎಂದು ಮೂದಲಿಸುವವರೂ ಇದನ್ನು ಗಮನಿಸಬೇಕು. ಕಳೆದ ಚಳಿಗಾಲದಲ್ಲಿ ಓಟಾನಿ, ಯಮಾಮೋಟೋ, ಗ್ಲಾಸ್ನೋ ಮೂವರಿಗೇ ನೂರು ಕೋಟಿ ಡಾಲರ್ ಮೀರಿದ ಒಪ್ಪಂದಗಳಾದವು, ಮತ್ತು ಈ ಅಕ್ಟೋಬರ್‌ನಲ್ಲಿ ಚೆಂಡು ಎಸೆಯಲು ಸಿಗುವವರು ಅವರಲ್ಲಿ ಒಬ್ಬರು.

ಹೀಗಿರುವಾಗ, ಓಟಾನಿ ಅವರನ್ನೇ ಒಂದೆರಡು ಇನಿಂಗ್ಸ್‌ಗೆ ಪಿಚರ್ ಆಗಿ ಇಳಿಸಿದರೇನು ಎಂಬ ಮಾತು ಅಲ್ಲಲ್ಲಿ ಎದ್ದಿರುವುದು ನನಗೆ ಅತ್ಯಂತ ಕಳವಳದ ಸಂಗತಿ. ಒಂದು ವರ್ಷದಿಂದ ಪೂರ್ಣ ಪಂದ್ಯದಲ್ಲಿ ಬ್ಯಾಟರ್‌ನನ್ನು ಎದುರಿಸದ, ಎರಡು ಬಾರಿ ಮೊಣಕೈ ಶಸ್ತ್ರಚಿಕಿತ್ಸೆಯಾದ ತೋಳನ್ನು, ಆಟದ ಒತ್ತಡ ಅತಿ ಹೆಚ್ಚಿರುವ ತಿಂಗಳಲ್ಲಿ ಪರೀಕ್ಷೆಗೆ ಒಡ್ಡುವುದು ಈ ವರ್ಷದ ಬ್ಯಾಟನ್ನೂ ಮುಂದಿನ ವರ್ಷದ ತೋಳನ್ನೂ ಒಟ್ಟಿಗೆ ಪಣಕ್ಕಿಟ್ಟಂತೆ. ಅಭಿಮಾನಿಗಳು ಈ ಬೇಡಿಕೆಯನ್ನು ಕೈಬಿಡಬೇಕು. ಬಿಡದಿದ್ದರೂ ತಂಡ ಕಿವಿಗೊಡಬಾರದು.

ಡಿವಿಷನ್ ಸರಣಿಯಲ್ಲಿ ವೇಳಾಪಟ್ಟಿ ನಮ್ಮ ಕೈ ಹಿಡಿಯುತ್ತದೆ ಎಂಬುದು ಸಮಾಧಾನದ ವಿಷಯ. ಪಂದ್ಯಗಳು ಅಕ್ಟೋಬರ್ 5, 6, 8, 9 ಮತ್ತು 11ರಂದು. ಯಮಾಮೋಟೋ 5ರಂದು ಎಸೆದರೆ 11ರ ವೇಳೆಗೆ ಅವರಿಗೆ ಐದು ದಿನದ ಪೂರ್ಣ ವಿಶ್ರಾಂತಿ ಸಿಗುತ್ತದೆ. ನಾಳೆ ಆರಂಭವಾಗುವ ವೈಲ್ಡ್ ಕಾರ್ಡ್ ಸುತ್ತಿನಿಂದ ಪಡ್ರೇಸ್ ಬಂದರೆ, ಈ ವರ್ಷ ನಮ್ಮ ವಿರುದ್ಧದ 13 ಪಂದ್ಯಗಳಲ್ಲಿ 8 ಗೆದ್ದ ತಂಡವೇ ಎದುರಾಗುತ್ತದೆ. ಆದರೂ ಮೂವರು ಆರಂಭಿಕರು ಮತ್ತು ಒಂದು ಬುಲ್‌ಪೆನ್ ಪಂದ್ಯದಿಂದ ಈ ಸರಣಿಯನ್ನು ದಾಟುವ ದಾರಿ ಇದೆ. ನನ್ನ ನಿಜವಾದ ಭಯ ಇರುವುದು ಅದರ ಮುಂದಿನ ಏಳು ಪಂದ್ಯಗಳ ಸರಣಿಯ ಅಕ್ಟೋಬರ್ 16, 17, 18ರ ಮೇಲೆ, ಬಿಡುವಿಲ್ಲದ ಮೂರು ದಿನಗಳ ಮೇಲೆ. ಅಲ್ಲಿ ಒಂದು ದಿನ ಬುಲ್‌ಪೆನ್ ಬಳಸಿದರೆ ಮರುದಿನ ಅದೇ ಕೋಪೆಕ್, ಅದೇ ಟ್ರೈನನ್ ಸಿಗುತ್ತಾರೆಂಬ ಖಾತ್ರಿ ಇಲ್ಲ.

ಅದಕ್ಕಾಗಿ 12 ಮತ್ತು 13ನೆಯ ಪಿಚರ್‌ಗಳ ಆಯ್ಕೆ ಈಗ ಎಲ್ಲಕ್ಕಿಂತ ಮುಖ್ಯವೆಂದು ನಾನು ಭಾವಿಸುತ್ತೇನೆ. ಆ ಜಾಗಗಳನ್ನು ಒಂದೇ ಇನಿಂಗ್ಸ್ ಎಸೆಯುವ ಮತ್ತೊಬ್ಬ ರಿಲೀಫ್ ಪಿಚರ್‌ಗೆ ಕೊಡಬಾರದು, ಹೆಬ್ಬೆರಳಿನ ನೋವು ಇಳಿಯದ ಕರ್ಷಾ ಅವರಿಗೆ ಗೌರವಾರ್ಥವಾಗಿಯೂ ಕೊಡಬಾರದು. ಈ ವರ್ಷವೇ ಮೇಜರ್ ಲೀಗ್‌ಗೆ ಬಂದು ಹನ್ನೆರಡು ಪಂದ್ಯ ಆರಂಭಿಸಿ 3.65 ಸರಾಸರಿ ಕಾಯ್ದುಕೊಂಡ ಲ್ಯಾಂಡನ್ ನ್ಯಾಕ್ ಅವರಿಗೂ, ಒಂದು ತಿಂಗಳ ಹಿಂದಷ್ಟೇ ಮೊದಲ ಪಂದ್ಯ ಆಡಿದ ಬೆನ್ ಕ್ಯಾಸ್ಪೇರಿಯಸ್ ಅವರಿಗೂ ಇಬ್ಬರಿಗೂ ಪಟ್ಟಿಯಲ್ಲಿ ಜಾಗ ಸಿಗಬೇಕು. ಪಂದ್ಯ ಕೈ ತಪ್ಪಿತೆಂದು ಖಚಿತವಾದ ದಿನ ಅವರಲ್ಲಿ ಒಬ್ಬರು ಮೂರೋ ನಾಲ್ಕೋ ಇನಿಂಗ್ಸ್ ಎಸೆದು ಮುಗಿಸಿದರೆ, ರನ್ ಎಷ್ಟು ಹೋದರೂ ಸರಿ, ಮರುದಿನಕ್ಕೆ ಕೋಪೆಕ್ ಮತ್ತು ಟ್ರೈನನ್ ಉಳಿಯುತ್ತಾರೆ.

ಇತಿ ತಮ್ಮ ವಿಶ್ವಾಸಿ,
ಡಾಡ್ಜರ್ಸ್ ಅಭಿಮಾನಿಯಾದ ಒಬ್ಬ ಓದುಗ
ಲಾಸ್ ಏಂಜಲೀಸ್